ಹಳದಿ ಚೀಟಿಯ ಕೋಣೆ

ರಕ್ತನಿಧಿ ಹೊಸ ಕಟ್ಟಡಕ್ಕೆ ಹೋಗುತ್ತದೆ ಎಂದು ಖಚಿತವಾದ ದಿನದಿಂದ ಸೂಜಿಯಕ್ಕನಿಗೆ ಕಂಡದ್ದನ್ನೆಲ್ಲ ಒಮ್ಮೆ ಮುಟ್ಟಿ ನೋಡುವ ಚಟ ಹತ್ತಿತು. ಕಿಟಕಿಯ ಸಡಿಲ ಚಿಲಕ, ಬಣ್ಣ ಕಿತ್ತುಹೋದ ಸ್ಟೂಲು, ರಕ್ತ ಕೊಡುವವರು ಮಲಗಿ ಮಲಗಿ ನಡು ಕುಸಿದ ಮಂಚ, ಯಾವುದನ್ನೂ ಅವಳು ಬಿಡಲಿಲ್ಲ. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಹೊಸ ಕಟ್ಟಡದಲ್ಲಿ ನೆಂಟರ ಹಾಗೆ ಕೂತೆದ್ದು ಮನೆಗೆ ಹೋಗುವುದಷ್ಟೇ ಅವಳ ಪಾಲಿಗೆ ಉಳಿದದ್ದು. ಮೂವತ್ತಮೂರು ವರ್ಷ ಸವೆದದ್ದು ಈ ಹಳೆಯ ನಾಲ್ಕು ಕೋಣೆಗಳಲ್ಲೇ.

ಸೂಜಿಯಕ್ಕ ಎನ್ನುವುದು ರಕ್ತ ಕೊಡಲು ಬರುವವರು ಇಟ್ಟ ಹೆಸರು. ಅವಳು ಚುಚ್ಚಿದರೆ ಗೊತ್ತೇ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ಸೂಜಿ ಚುಚ್ಚುವ ಹೊತ್ತಿಗೆ ಸರಿಯಾಗಿ ಅವಳು ಅವರ ಮಕ್ಕಳ ಮಾರ್ಕ್ಸು ಕೇಳುತ್ತಿದ್ದಳು. ಮಾರ್ಕ್ಸಿನ ನೋವಿನ ಮುಂದೆ ಸೂಜಿಯ ನೋವು ಯಾವ ಲೆಕ್ಕ?

ಸಾಮಾನು ಸಾಗಿಸಲು ಆಸ್ಪತ್ರೆಯ ಗಾಡಿ ಬರಬೇಕಿತ್ತು. ಬರುತ್ತೆ ಬರುತ್ತೆ ಅನ್ನುತ್ತಲೇ ಎರಡು ದಿನ ಕಳೆಯಿತು. ಮೂರನೆಯ ದಿನ ಅವಳು ರೋಸಿಹೋಗಿ ಅಣ್ಣನಿಗೆ ಫೋನು ಮಾಡಿದಳು. ಅಣ್ಣನ ಹತ್ತಿರ ಸಾಮಾನು ಸಾಗಿಸುವ ವ್ಯಾನು ಇತ್ತು. ಅವನು, "ಗೇಟಿನ ಹತ್ರ ತಂದಿಟ್ಟಿರು, ತುಂಬ್ಕೊಂಡು ಹೋಗ್ತೀನಿ" ಎಂದ.

"ಬೀರುಗಳನ್ನ ನಾನು ತಲೆ ಮೇಲೆ ಹೊತ್ಕೊಂಡು ಗೇಟಿಗೆ ಬರ್ಲಾ?" ಎಂದು ಅವಳು ರೇಗಿದ ಮೇಲೆಯೇ ಒಳಗೆ ಬರಲು ಒಪ್ಪಿದ್ದು.

ಅವಳನ್ನು ಮನೆಗೆ ಕರೆದೊಯ್ಯಲು ಎಷ್ಟೋ ಸಲ ಬಂದಿದ್ದರೂ ಅಣ್ಣ ಇಪ್ಪತ್ತೇಳು ವರ್ಷದಿಂದ ಈ ಕಟ್ಟಡದ ಮೆಟ್ಟಿಲು ತುಳಿದವನಲ್ಲ. ಗೇಟಿನಾಚೆಯಿಂದ ಹಾರ್ನ್ ಹೊಡೆಯುತ್ತಿದ್ದ, ಅಷ್ಟೆ. ಯಾಕೆ ಎಂದು ಅವಳು ಕೇಳಿರಲಿಲ್ಲ. ಅಣ್ಣ ತಂಗಿಯ ನಡುವೆ ಒಂದು ಮಾತು ಅಷ್ಟೇ ಕಾಲದಿಂದ ಆಡದೆ ಉಳಿದಿತ್ತು. ಅದನ್ನು ಆಡದೆ ಇರುವುದೇ ಸರಿ ಎಂದು ಅವಳು ನಂಬಿಕೊಂಡಿದ್ದಳು. ನಂಬಿಸಿದವರು ಡಾಕ್ಟರಮ್ಮ.

ಡಾಕ್ಟರಮ್ಮನೆಂದರೆ ಈ ರಕ್ತನಿಧಿಯನ್ನು ಕಟ್ಟಿದವರು. ಕುಳ್ಳಗೆ, ಮೂಗಿನ ತುದಿಯಲ್ಲಿ ಕನ್ನಡಕ, ಬೆರಳಿಗೆ ಸದಾ ಇಂಕಿನ ಕಲೆ. ಸೂಜಿಯಕ್ಕ ಕೆಲಸಕ್ಕೆ ಸೇರಿದಾಗ ಇದ್ದದ್ದು ಒಂದು ಮೈಕ್ರೋಸ್ಕೋಪು, ಒಂದು ಫ್ರಿಜ್ಜು. ಆ ಫ್ರಿಜ್ಜು ಗಂಟೆಗೊಮ್ಮೆ ಕೆಮ್ಮಿ, ಮೈ ನಡುಗಿಸಿ, ಮತ್ತೆ ನಿದ್ದೆ ಹೋಗುತ್ತಿತ್ತು. ಎಲ್ಲರೂ ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. "ಅಜ್ಜಿ ಹೇಗಿದ್ದಾಳೆ?" ಎಂದು ಕೇಳುತ್ತಲೇ ಡಾಕ್ಟರಮ್ಮ ಬೆಳಿಗ್ಗೆ ಒಳಗೆ ಬರುತ್ತಿದ್ದದ್ದು. ಹೊಸಬರು ಪಾಪ, ಅವರ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದುಕೊಂಡು ಸಪ್ಪೆ ಮುಖ ಮಾಡುತ್ತಿದ್ದರು.

ಈಗಿನ ಯಂತ್ರಗಳು ಆಗ ಎಲ್ಲಿದ್ದವು? ರಕ್ತದಲ್ಲಿ ಸತ್ವ ಇದೆಯೋ ಇಲ್ಲವೋ ನೋಡಲು ನೀಲಿ ದ್ರಾವಣದ ಗಾಜಿನ ಲೋಟಕ್ಕೆ ಬೆರಳ ತುದಿಯ ಒಂದು ಹನಿ ಬಿಡುವುದು. ಹನಿ ಮುಳುಗಿದರೆ ಪಾಸು, ತೇಲಿದರೆ ನಪಾಸು. ತೇಲಿದವರು ಮುಖ ಸಣ್ಣಗೆ ಮಾಡಿಕೊಂಡು, "ಇನ್ನೊಂದು ಹನಿ ನೋಡಿ ಅಕ್ಕಾ" ಎಂದು ಗೋಗರೆಯುತ್ತಿದ್ದರು. ಪಾಸಾದವರು ಎದೆ ಉಬ್ಬಿಸಿಕೊಂಡು ಡಾಕ್ಟರಮ್ಮನ ಮೇಜಿನ ಮುಂದೆ ಕೂರುತ್ತಿದ್ದರು. ಅಲ್ಲಿ ಆ ಉಬ್ಬಿದ್ದೆಲ್ಲ ಇಳಿಯುತ್ತಿತ್ತು.

ಯಾಕೆಂದರೆ ಡಾಕ್ಟರಮ್ಮ ಪ್ರಶ್ನೆ ಕೇಳುತ್ತಿದ್ದರು. ಕಾಮಾಲೆ ಆಗಿತ್ತೇ? ಈಚೆಗೆ ಹಲ್ಲು ಕೀಳಿಸಿದಿರಾ? ಹಚ್ಚೆ ಹಾಕಿಸಿಕೊಂಡಿರಾ? ಬೇರೆಯವರು ಬಳಸಿದ ಸೂಜಿ, ಬೇರೆಯವರ ಬ್ಲೇಡು? ಕೊನೆಗೆ ಕನ್ನಡಕವನ್ನು ಇನ್ನಷ್ಟು ಕೆಳಗಿಳಿಸಿ, ಮಳೆ ಬರಬಹುದೇ ಎಂದು ಕೇಳುವ ದನಿಯಲ್ಲಿ, ಮನೆಯಾಚೆ ಸಂಬಂಧ ಏನಾದರೂ? ಒಮ್ಮೆ ಒಬ್ಬ ಅಳಿಯ ತನ್ನ ಮಾವನಿಗೆ ರಕ್ತ ಕೊಡಲು ಬಂದ. ಬೆನ್ನ ಹಿಂದೆ ಹೆಂಡತಿ, ಪಕ್ಕದಲ್ಲಿ ಅತ್ತೆ. ಕೊನೆಯ ಪ್ರಶ್ನೆ ಬಂದಾಗ ಅವನು ಅತ್ತೆಯ ಮುಖ ನೋಡಿ, "ಛೆ ಛೆ, ಇಲ್ಲಪ್ಪ" ಎಂದ. ಅವನು ಹೋದ ಮೇಲೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಅತ್ತೆ ಮುಖ ನೋಡ್ಕೊಂಡು ಹೌದು ಅನ್ನೋ ಗಂಡಸು ಇನ್ನೂ ಹುಟ್ಟಿಲ್ಲ ಕಣೇ. ನಾನು ಪ್ರಶ್ನೆ ಕೇಳ್ತಿಲ್ಲ, ನಾಟಕ ಆಡಿಸ್ತಿದ್ದೀನಿ" ಎಂದರು.

ಅವತ್ತೇ ಸಂಜೆ ಪೊರಕೆ, ಬಕೆಟ್ಟು ಇಡುತ್ತಿದ್ದ ನಾಲ್ಕನೆಯ ಕೋಣೆ ಖಾಲಿಯಾಯಿತು. ಅಲ್ಲಿಗೆ ಒಂದು ಸ್ಟೂಲು, ಒಂದು ಬಲ್ಬು, ಬೀಗ ಹಾಕಿದ ಮರದ ಡಬ್ಬಿ ಬಂದವು. ರಕ್ತ ಕೊಟ್ಟವರಿಗೆ ಬಿಳಿಯದೊಂದು, ಹಳದಿಯದೊಂದು, ಎರಡು ಚೀಟಿ ಕೈಗಿಡುವುದು. ಎರಡರ ಮೇಲೂ ಹೆಸರಿಲ್ಲ, ರಕ್ತದ ಚೀಲದ ನಂಬರು ಮಾತ್ರ. ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಒಂದನ್ನು ಡಬ್ಬಿಗೆ ಹಾಕಬೇಕು, ಇನ್ನೊಂದನ್ನು ಹರಿದು ಬುಟ್ಟಿಗೆ ಎಸೆಯಬೇಕು. ಬಿಳಿಯದಾದರೆ, ನನ್ನ ರಕ್ತ ಬಳಸಿ. ಹಳದಿಯದಾದರೆ, ಬೇಡ, ಚೆಲ್ಲಿಬಿಡಿ, ಯಾಕೆ ಎಂದು ಕೇಳಬೇಡಿ. ಹೊರಗೆ ಬಂದರೆ ಎಲ್ಲರಿಗೂ ಒಂದೇ ಚಹಾ, ಒಂದೇ ಬಿಸ್ಕತ್ತು, ಒಂದೇ ಥ್ಯಾಂಕ್ಸು. ಕರೆತಂದ ಬೀಗರ ಮುಂದೆ, ಹೆಂಡತಿ ಮುಂದೆ, ಮೇಲಧಿಕಾರಿ ಮುಂದೆ ಅವರ ಮಾನ ಎಳ್ಳಷ್ಟೂ ಮುಕ್ಕಾಗುತ್ತಿರಲಿಲ್ಲ.

"ಪರೀಕ್ಷೆ ಮಾಡ್ತೀವಲ್ಲ, ಇದೆಲ್ಲ ಯಾಕೆ?" ಎಂದು ಸೂಜಿಯಕ್ಕ ಶುರುವಿನಲ್ಲಿ ಕೇಳಿದ್ದಳು.

"ರೋಗ ಮೈಗೆ ಹೊಕ್ಕ ಮೊದಲ ಕೆಲವು ವಾರ ನಮ್ಮ ಪರೀಕ್ಷೆಗೆ ಸಿಗಲ್ಲ. ಚೀಲ ನೋಡಿದ್ರೆ ಕ್ಲೀನು. ಅದನ್ನ ಏರಿಸಿಕೊಂಡವನಿಗೆ ಮಾತ್ರ ಗ್ರಹಚಾರ. ಆ ಕೆಲವು ವಾರ ನಮಗೆ ಗತಿ ಅಂದ್ರೆ ಕೊಟ್ಟವನ ಬಾಯಿ ಮಾತೊಂದೇ. ಆ ಮಾತು ನಿಜ ಇರಬೇಕು ಅಂದ್ರೆ ಪಕ್ಕದಲ್ಲಿ ಯಾರೂ ಇರಬಾರದು. ನಾನೂ ಇರಬಾರದು, ನೀನೂ ಇರಬಾರದು." ಇಷ್ಟು ಹೇಳಿ ಡಾಕ್ಟರಮ್ಮ ಇನ್ನೊಂದು ಮಾತು ಸೇರಿಸಿದ್ದರು. "ಮನೆಯವರ ರಕ್ತ ಅಂದ್ರೆ ನನಗೆ ಭಯ. ಪ್ರೀತಿ ಇದ್ದಲ್ಲಿ ಜನ ಸಲೀಸಾಗಿ ಸುಳ್ಳು ಹೇಳ್ತಾರೆ."

ತಿಂಗಳಿಗೆ ಒಂದೋ ಎರಡೋ ಹಳದಿ ಚೀಟಿ ಸಿಗುತ್ತಿತ್ತು. ಆ ನಂಬರಿನ ಚೀಲ ತುಟಿ ಪಿಟಕ್ಕೆನ್ನದೆ ಆಟೋಕ್ಲೇವಿಗೆ ಹೋಗುತ್ತಿತ್ತು. ಆಟೋಕ್ಲೇವೆಂದರೆ ದೊಡ್ಡ ಕುಕ್ಕರಿನಂಥದು. ಎಂಥ ರೋಗವಾದರೂ ಅದರ ಹಬೆಯಲ್ಲಿ ಸತ್ತೇ ಹೋಗಬೇಕು.

ಆ ದಿನಗಳನ್ನು ನೆನೆದರೆ ಸೂಜಿಯಕ್ಕನಿಗೆ ಈಗಲೂ ಹೊಟ್ಟೆಯೊಳಗೆ ಬೆಚ್ಚಗಾಗುತ್ತದೆ. ಎಂಥ ಜನ ಬರುತ್ತಿದ್ದರು! ಒಬ್ಬ ಬಸ್ ಕಂಡಕ್ಟರ್ ಇದ್ದ, ಕಡ್ಡಿ ಪೈಲ್ವಾನ. ತೂಕದ ಯಂತ್ರದ ಮೇಲೆ ಮುಳ್ಳು ಗೆರೆ ಮುಟ್ಟುವವರೆಗೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಉಸಿರಿಗೆ ತೂಕ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಬಿಡಲಿಲ್ಲ. ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದು, ತೋಳು ಮಡಿಸಿ, "ಚಿಲ್ಲರೆ ಇಲ್ಲ, ಪೂರ್ತಿ ಟಿಕೆಟ್ಟು ಹರೀರಿ" ಎಂದು ಮಲಗುತ್ತಿದ್ದ. ಯಾರಿಗೆ ಕೊಟ್ಟಿರಿ ಎಂದು ಒಂದು ದಿನವೂ ವಿಚಾರಿಸಿದವನಲ್ಲ. ಮಧ್ಯಾಹ್ನ ಕೆಲಸ ಇಳಿದ ಮೇಲೆ ಡಾಕ್ಟರಮ್ಮ, ಸೂಜಿಯಕ್ಕ, ಬಾಟಲಿ ತೊಳೆಯುವ ಮುದುಕಿ ಒಂದೇ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಹೊಸ ಕಟ್ಟಡದಲ್ಲಿ ಊಟಕ್ಕೆ ಬೇರೆ ಹಾಲ್ ಇದೆಯಂತೆ, ಗಾಜಿನ ಬಾಗಿಲಂತೆ. ಇರಲಿ ಪಾಪ.

ಇಂಥ ದಿನಗಳ ನಡುವೆ ಅಪ್ಪ ರಕ್ತ ವಾಂತಿ ಮಾಡಿಕೊಂಡರು.

ಅಪ್ಪನದು ಬುಕ್ ಬೈಂಡಿಂಗ್ ಅಂಗಡಿ. ಹೊಟ್ಟೆಯಲ್ಲಿ ಹುಣ್ಣಿದ್ದರೂ ಯಾರಿಗೂ ಹೇಳದೆ, ಅಂಟಿನ ವಾಸನೆಯಲ್ಲೇ ಊಟ ಮುಗಿಸುತ್ತ ವರ್ಷ ದೂಡಿದ್ದರು. ಕೊನೆಗೆ ಒಂದು ದಿನ ಯಾರದೋ ಲೆಡ್ಜರಿನ ಮೇಲೆ ಕುಸಿದುಬಿದ್ದರು. ಮಾರನೆಯ ದಿನ ಬೆಳಿಗ್ಗೆ ಆಪರೇಷನ್ ಎಂದು ಗೊತ್ತಾಯಿತು. ಎರಡು ಚೀಲ ರಕ್ತ ಕೈಯಲ್ಲಿಲ್ಲದೆ ಕತ್ತಿ ಮುಟ್ಟುವುದಿಲ್ಲ ಎಂದರು ಸರ್ಜನ್. ಅಪ್ಪನದು ಓ ನೆಗೆಟಿವ್, ಹುಡುಕಿದರೂ ಸಿಗದ ಗುಂಪು. ಫ್ರಿಜ್ಜಜ್ಜಿಯ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಚೀಲ. ಸೂಜಿಯಕ್ಕನದು ಅಮ್ಮನ ಗುಂಪು, ಉಪಯೋಗಕ್ಕೆ ಬಾರದು. ಅಪ್ಪನ ಗುಂಪು ಬಂದದ್ದು ಅಣ್ಣನಿಗೆ.

ಅಣ್ಣ ಆಗ ದೂರದೂರುಗಳಿಗೆ ಲಾರಿ ಓಡಿಸುತ್ತಿದ್ದ. ಮನೆಗೆ ಬಂದರೆ ಎರಡು ದಿನ, ಹೋದರೆ ಇಪ್ಪತ್ತು ದಿನ. ಅಪ್ಪನಿಗೂ ಅವನಿಗೂ ಅಷ್ಟಕ್ಕಷ್ಟೇ. ಅವತ್ತು ಅದೃಷ್ಟಕ್ಕೆ ಊರಲ್ಲೇ ಇದ್ದ. ಅಮ್ಮ ಒಂದು ಕಡೆ, ಅತ್ತಿಗೆ ಇನ್ನೊಂದು ಕಡೆ ಹಿಡಿದುಕೊಂಡು ಅವನನ್ನು ಮದುವೆ ಗಂಡಿನ ಹಾಗೆ ಕರೆತಂದರು. "ನಿಮ್ಮಪ್ಪನ ಜೀವ ನಿನ್ನ ಕೈಲಿದೆ ಕಣೋ" ಎಂದು ಅಮ್ಮ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.

ಸಂಬಂಧಿಕರ ರಕ್ತ ನಾವೇ ತೆಗೆಯಬಾರದು ಎಂಬುದು ಡಾಕ್ಟರಮ್ಮನ ಕಟ್ಟಪ್ಪಣೆ. ಅವರು ಮೀಟಿಂಗಿಗೆ ಹೋಗಿದ್ದರು. ನನ್ನ ಅಣ್ಣನಿಗೆ ನಾನೇ ಚುಚ್ಚುತ್ತೇನೆ, ನೋವಾಗಬಾರದು ಎಂದು ಸೂಜಿಯಕ್ಕ ಹಟ ಹಿಡಿದಳು. ಪ್ರಶ್ನೆಗಳನ್ನೂ ಅವಳೇ ಕೇಳಿದಳು. ಕೊನೆಯ ಪ್ರಶ್ನೆಗಳನ್ನು ಅಣ್ಣನಿಗೆ ಹೇಗೆ ಕೇಳುವುದು? ತಾನೇ ಇಲ್ಲ, ಇಲ್ಲ ಎಂದು ಬರೆದುಕೊಂಡಳು. ಚೀಲ ತುಂಬಿತು. ನಂಬರು ಬರೆದು ಎರಡು ಚೀಟಿ ಕೊಟ್ಟಳು. ಅಣ್ಣ ನಾಲ್ಕನೆಯ ಕೋಣೆಗೆ ಹೋಗಿ ಬಂದು, ಚಹಾ ಕುಡಿದು, ವಾರ್ಡಿಗೆ ನಡೆದ.

ಮಧ್ಯಾಹ್ನ ಡಬ್ಬಿಯ ಬೀಗ ತೆಗೆದಳು. ಐದು ಬಿಳಿ, ಒಂದು ಹಳದಿ. ಹಳದಿಯ ಮೇಲಿನ ನಂಬರು ಅವಳದೇ ಅಕ್ಷರ, ಅಣ್ಣನ ಚೀಲದ್ದು.

ಚೀಟಿಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದಳು. ಆಮೇಲೆ ಮನಸ್ಸು ತನಗೆ ಬೇಕಾದ ದಾರಿ ಹುಡುಕಿಕೊಂಡಿತು. ಅಣ್ಣ ಮೊದಲೇ ಗಡಿಬಿಡಿಯವನು, ಬಲ್ಬು ಬೇರೆ ಮಂಕು, ಬಣ್ಣ ತಪ್ಪಿರುತ್ತಾನೆ. ಕೇಳಿದರಾಯಿತು. ಕೇಳಬಾರದು ಎಂಬ ಒಂದೇ ಒಂದು ನಿಯಮದ ಮೇಲೆ ನಿಂತ ಕೋಣೆ ಅದು. ಅದು ಗೊತ್ತಿದ್ದೂ ಅವಳು ಎದ್ದು ವಾರ್ಡಿನ ಕಡೆ ಓಡಿದಳು. ಅಣ್ಣ ಕಾರಿಡಾರಿನ ಬೆಂಚಿನ ಮೇಲೆ ಅಮ್ಮ, ಅತ್ತಿಗೆಯ ನಡುವೆ ಕೂತಿದ್ದ.

"ಅಣ್ಣ, ಚೀಟಿ ಸರಿಯಾಗಿ ಹಾಕಿದ್ಯಾ?"

ಅಣ್ಣನ ಮುಖ ಒಂದು ಗಳಿಗೆ ಬಿಳಿಚಿತು.

"ಯಾವ ಚೀಟಿ?" ಎಂದರು ಅಮ್ಮ.

"ಏನೋ ನಂಬರಿನ ಚೀಟಿ ಅಮ್ಮ," ಎಂದ ಅಣ್ಣ. ಆಮೇಲೆ ತಂಗಿಯ ಕಡೆ ತಿರುಗಿ ನಕ್ಕ. "ಅಯ್ಯೋ, ತಪ್ಪು ಹಾಕಿದ್ನಾ? ಅಲ್ಲಿ ಕಣ್ಣೇ ಕಾಣಲ್ಲ ಪುಟ್ಟಿ. ಬಳಸು, ಬಳಸು. ಅದಕ್ಕೇ ತಾನೆ ಕೊಟ್ಟಿದ್ದು?"

ಅವಳಿಗೆ ಹೋದ ಜೀವ ಬಂದ ಹಾಗಾಯಿತು.

ಮಾರನೆಯ ಬೆಳಿಗ್ಗೆ ಪರೀಕ್ಷೆಯ ಫಲಿತಾಂಶ ಬಂತು. ಎಲ್ಲವೂ ಕ್ಲೀನು. ಚೀಲವನ್ನು ಕೈಗೆತ್ತಿಕೊಂಡವಳಿಗೆ ಮಾತ್ರ ಅದನ್ನು ಕಳಿಸಲು ಕೈ ಬರಲಿಲ್ಲ. ನೇರ ಹೋಗಿ ಡಾಕ್ಟರಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವರು ಬೈಯುತ್ತಾರೆಂದು ಕಾದಳು. ಅವರು ಬೈಯಲಿಲ್ಲ.

"ತಪ್ಪಿ ಹಾಕಿದೆ ಅಂತ ಅವನು ಹೇಳುವಾಗ ಯಾರ್ಯಾರು ಇದ್ರು?"

"ಅಮ್ಮ, ಅತ್ತಿಗೆ."

"ಹಾಗಾದ್ರೆ ಅದು ಉತ್ತರ ಅಲ್ಲ. ಒಬ್ಬನೇ ಕೂತು ಹಾಕಿದ್ನಲ್ಲ, ಅದು ಉತ್ತರ."

"ಅಪ್ಪನಿಗೆ ಬೇರೆ ಚೀಲ ಇಲ್ಲ ಡಾಕ್ಟರಮ್ಮ."

"ಇಲ್ಲ ಅಂದ್ರೆ ತರೋಣ. ಇದನ್ನ ನೀನೇ ತಗೊಂಡು ಹೋಗಿ ಆಟೋಕ್ಲೇವಿಗೆ ಹಾಕು."

ಅಣ್ಣನ ರಕ್ತ ಅಂಗೈಯಲ್ಲಿ ತಣ್ಣಗೆ, ಭಾರವಾಗಿ ಕೂತಿತ್ತು. ಪಕ್ಕದ ಕಟ್ಟಡದಲ್ಲಿ ಅಪ್ಪ ಸುಣ್ಣದ ಹಾಗೆ ಬೆಳ್ಳಗಾಗಿ ಮಲಗಿದ್ದರು. ಆ ಹತ್ತು ಹೆಜ್ಜೆ ನಡೆಯಲು ತನಗೆ ಎಲ್ಲಿಂದ ಕಾಲು ಬಂತೋ ಅವಳಿಗೆ ಇವತ್ತಿಗೂ ತಿಳಿಯದು. ಹಾಕಿದಳು. ಮುಚ್ಚಳ ತಿರುಗಿಸಿದಳು. ಆಮೇಲೆ ಗೋಡೆಗೆ ತಲೆ ಕೊಟ್ಟು ಅತ್ತಳು.

ಅಷ್ಟರಲ್ಲಿ ಡಾಕ್ಟರಮ್ಮ ಬಸ್ ಡಿಪೋಗೆ ಫೋನು ಮಾಡಿದ್ದರು. ಕಂಡಕ್ಟರನದೂ ಓ ನೆಗೆಟಿವ್ವೇ, ಮನೆಯಲ್ಲೇ ಅಣ್ಣ ಸಿಕ್ಕಿದ್ದರಿಂದ ಅವನನ್ನು ಮೊದಲು ಕರೆದಿರಲಿಲ್ಲ. ಕಡ್ಡಿ ಪೈಲ್ವಾನ ಯೂನಿಫಾರಂನಲ್ಲೇ ಓಡಿಬಂದ, ಉಸಿರು ಬಿಗಿಹಿಡಿದು ತೂಕ ತೋರಿಸಿದ, ಟಿಕೆಟ್ಟು ಹರಿಸಿಕೊಂಡ, ಬಿಳಿ ಚೀಟಿ ಹಾಕಿದ, ಹೋದ. ಅವನ ಚೀಲ ಪರೀಕ್ಷೆಯಾಗಬೇಕಲ್ಲ, ಆಪರೇಷನ್ ಒಂದು ದಿನ ಮುಂದೆ ಹೋಯಿತು. ಸರ್ಜನ್‌ಗೆ ಬೇರೆ ಅರ್ಜೆಂಟ್ ಕೇಸು ಬಂತೆಂದು ಮನೆಯವರಿಗೆ ಹೇಳಿಸಿದರು. ಆ ಒಂದು ದಿನ ಅವಳು ಒಂದು ಗುಟುಕು ನೀರೂ ಇಳಿಯದೆ ಕಳೆದಳು. ಅಪ್ಪ ಬದುಕಿಕೊಂಡರು.

ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಅವಳನ್ನು ಕರೆದು, "ನೀನು ಮಾಡಿದ ತಪ್ಪು ಅವನನ್ನ ಕೇಳಿದ್ದು. ಕೇಳಿ ಒಂದು ಸುಳ್ಳು ಹೇಳಿಸಿದೆ. ಇನ್ನು ಆ ವಿಷಯ ಎತ್ತಿ ಇನ್ನೊಂದು ಹೇಳಿಸಬೇಡ. ಡಬ್ಬಿಗೆ ಬಿದ್ದದ್ದನ್ನ ಬೇರೆ ಯಾರಿಗೂ ಹೇಳೋ ಹಾಗಿಲ್ಲ. ಹಾಕಿದವನಿಗೂ ಇಲ್ಲ" ಎಂದರು. ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಎರಡು ತಿಂಗಳಿಗೆ ಅಣ್ಣನ ಕಣ್ಣು ಹಳದಿಯಾಯಿತು. ನೀರು ಸರಿಯಿಲ್ಲದೆ ಬಂದ ಕಾಮಾಲೆ ಎಂದರು ಮನೆಯಲ್ಲಿ. ರಕ್ತದಿಂದ ಬರುವ ಕಾಮಾಲೆ ಯಾವುದೆಂದು ಸೂಜಿಯಕ್ಕನಿಗೆ ಗೊತ್ತಿರಲಿಲ್ಲವೇ? ಅಣ್ಣನ ಹಾಸಿಗೆಯ ಪಕ್ಕ ಕೂತು, ದೇವರೇ, ಆ ಚೀಲ ಅಪ್ಪನಿಗೆ ಹೋಗಿದ್ದರೆ ಎಂದು ನೆನೆದು ನಡುಗಿದಳು. ಅಣ್ಣನಿಗೂ ಇದೇ ಸಮಾಧಾನ ಇರುತ್ತದೆ, ಹಳದಿ ಚೀಟಿ ಹಾಕಿದವನಿಗೆ ಚೀಲ ಚೆಲ್ಲಿರುತ್ತಾರೆ ಎಂದು ಗೊತ್ತಿರದೆ ಇರುತ್ತದೆಯೇ ಎಂದುಕೊಂಡಳು.

ಎದ್ದು ಓಡಾಡುವಂತಾದ ಮೇಲೆ ಅಣ್ಣ ಬೇರೆಯೇ ಮನುಷ್ಯನಾದ. ಲಾರಿ ಬಿಟ್ಟ, ವ್ಯಾನು ಕೊಂಡ, ಊರಲ್ಲೇ ಉಳಿದ. ಪ್ರತಿ ಭಾನುವಾರ ಅಪ್ಪನ ಹತ್ತಿರ ಹಾಜರು. ಅಪ್ಪ ಸೀನಿದರೆ ಸಾಕು, ಥರ್ಮಾಮೀಟರ್ ಹಿಡಿದು ಓಡಿಬರುತ್ತಿದ್ದ. ಬಂದವನೇ ಅಪ್ಪನನ್ನು ಬಾಗಿಲ ಬೆಳಕಿಗೆ ತಿರುಗಿಸಿ ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದ. "ನಿಮ್ಮಪ್ಪನ ಕಣ್ಣಲ್ಲಿ ಏನು ಕಳ್ಕೊಂಡಿದ್ದೀಯೋ?" ಎಂದು ಅಮ್ಮ ಗೇಲಿ ಮಾಡುತ್ತಿದ್ದರು. ಅಪ್ಪನಿಗಂತೂ ಹಿಡಿಸಲಾರದ ಹಿಗ್ಗು. ಅಂಗಡಿಗೆ ಬಂದವರಿಗೆಲ್ಲ ಬಲಗೈ ಎತ್ತಿ ತೋರಿಸಿ, "ಇದು ಆಡ್ತಿರೋದು ನನ್ನ ಮಗನ ರಕ್ತದಿಂದ ಕಣ್ರೀ" ಎನ್ನುತ್ತಿದ್ದರು. ಆ ಮಾತು ಶುರುವಾದರೆ ಅಣ್ಣ ಎದ್ದು ಹೋಗುತ್ತಿದ್ದ. ಹೊಗಳಿಕೆ ಎಂದರೆ ನಾಚಿಕೆ ಅವನಿಗೆ ಎಂದು ಅತ್ತಿಗೆ ಹೆಮ್ಮೆಪಡುತ್ತಿದ್ದಳು. ಸೂಜಿಯಕ್ಕನಿಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚು. ಅಪ್ಪನನ್ನು ಉಳಿಸಿದವಳು ನಾನು, ಹೆಸರು ಮಾತ್ರ ಇವನಿಗೆ!

ಹೀಗೆ ಇಪ್ಪತ್ತಾರು ವರ್ಷ. ಹೋದ ವರ್ಷ ಅಪ್ಪ ಎಂಬತ್ತೈದು ತುಂಬಿಸಿ, ಒಂದು ಮಧ್ಯಾಹ್ನ ಇದೇ ಆಸ್ಪತ್ರೆಯ ವಾರ್ಡಿನಲ್ಲಿ ಕಣ್ಣು ಮುಚ್ಚಿದರು. ಅಷ್ಟು ವರ್ಷ ನೆರಳಿನ ಹಾಗೆ ಇದ್ದ ಅಣ್ಣ ಆ ಗಳಿಗೆಯಲ್ಲಿ ಕೋಣೆಯಲ್ಲಿ ಇರಲಿಲ್ಲ. ಅಪ್ಪ ಅವನ ಕೈ ಹಿಡಿದು ಏನೋ ಹೇಳುತ್ತಿದ್ದಂತೆ ಕೈ ಕೊಸರಿಕೊಂಡು ಹೊರಗೆ ಹೋದವನು ಮೆಟ್ಟಿಲ ಹತ್ತಿರ ನಿಂತೇ ಇದ್ದ. ಸೂಜಿಯಕ್ಕ ಆ ಒಂದು ವಿಷಯಕ್ಕೆ ಅವನ ಮೇಲೆ ಮುನಿಸಿಕೊಂಡಳು, ವರ್ಷವಾದರೂ ಅದು ಪೂರ್ತಿ ಇಳಿದಿರಲಿಲ್ಲ.

ಈಗ ಮೂರು ಕೋಣೆ ಖಾಲಿಯಾಗಿ ವ್ಯಾನು ಮುಕ್ಕಾಲು ತುಂಬಿತ್ತು. ಅಣ್ಣನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನಾಲ್ಕನೆಯ ಕೋಣೆಯ ಬಾಗಿಲಿಗೆ ಬಂದವನು ಅಲ್ಲೇ ನಿಂತ.

"ಇದೊಂದು ನೀನೇ ಖಾಲಿ ಮಾಡು ಪುಟ್ಟಿ."

"ಯಾಕೆ? ಒಂದು ಸ್ಟೂಲು, ಒಂದು ಡಬ್ಬಿ. ಬಾ."

"ನನ್ನ ಕೈಲಾಗಲ್ಲ."

ಅವಳು ತಿರುಗಿ ನೋಡಿದಳು. ಅರವತ್ತು ದಾಟಿದ ಅಣ್ಣ, ಎರಡು ಬೀರುಗಳನ್ನು ಒಬ್ಬನೇ ಎತ್ತಿದವನು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ.

"ನಿನಗೊಂದು ಹೇಳ್ಬೇಕು," ಎಂದ. "ಅಪ್ಪ ಇರೋವರೆಗೂ ಹೇಳೋಕೆ ಧೈರ್ಯ ಬರ್ಲಿಲ್ಲ. ಆವತ್ತು ನಾನು ಬಣ್ಣ ತಪ್ಪಿರ್ಲಿಲ್ಲ. ನೋಡೇ ಹಳದಿ ಹಾಕಿದ್ದು. ನೀನು ಬಂದು ಅಮ್ಮನ ಮುಂದೆ ಕೇಳ್ದೆ ನೋಡು, ಸುಳ್ಳು ಹೇಳ್ದೆ. ಬಳಸು ಅಂದ್ಬಿಟ್ಟೆ. ಆಮೇಲೆ ಕಾಮಾಲೆ ಬಂತು, ಯಾವ ಕಾಮಾಲೆ ಅಂತ ಡಾಕ್ಟ್ರು ಹೇಳಿದ್ರು. ನನ್ನ ರೋಗನ ನಾನೇ ಅಪ್ಪನ ಮೈಗೆ ಸುರಿದೆ ಪುಟ್ಟಿ."

ಅಪ್ಪನ ಕಣ್ಣಿನ ರೆಪ್ಪೆ ಎಳೆದು ಅವನು ಹುಡುಕುತ್ತಿದ್ದದ್ದು ಏನೆಂದು ಸೂಜಿಯಕ್ಕನಿಗೆ ಆಗ ಹೊಳೆಯಿತು.

"ಒಂದ್ಸಲ ಬೇರೆ ಊರಿಗೆ ಕರ್ಕೊಂಡು ಹೋಗಿ ಅಪ್ಪಂಗೆ ಆ ಟೆಸ್ಟ್ ಮಾಡ್ಸಿದ್ದೆ," ಅಣ್ಣ ಹೇಳುತ್ತಲೇ ಇದ್ದ. "ರಿಪೋರ್ಟ್ ತರೋಕೆ ಹೋಗ್ಲೇ ಇಲ್ಲ. ಕೌಂಟರ್ ತನಕ ಹೋಗಿ ವಾಪಸ್ ಬಂದೆ. ಅಪ್ಪ ಕೆಮ್ಮಿದ್ರೆ ಇವತ್ತು ಶುರುವಾಯ್ತು ಅಂತಿದ್ದೆ. ಯಾಕೆ ಹಳದಿ ಹಾಕ್ದೆ ಅಂದ್ರೆ, ಆ ಸಲ ಲಾರಿ ತಗೊಂಡು ಹೋದಾಗ..."

"ಬೇಡ. ಅದನ್ನ ಹೇಳ್ಬೇಡ. ಅದು ನಾನು ಕೇಳೋ ಹಾಗಿಲ್ಲ," ಎಂದು ಅವಳು ಅಡ್ಡ ಬಂದಳು. ಆಮೇಲೆ ಇಪ್ಪತ್ತೇಳು ವರ್ಷದ ಬೀಗ ಒಂದೇ ಏಟಿಗೆ ಕಳಚಿತು. "ಅಣ್ಣ, ಆ ಚೀಲ ಅಪ್ಪಂಗೆ ಕೊಡ್ಲಿಲ್ಲ."

"ಏನು?"

"ಚೆಲ್ಲಿದೆ. ಈ ಕೈಯಲ್ಲೇ. ನೀನು ಬಳಸು ಅಂದ್ರೂ ಡಾಕ್ಟರಮ್ಮ ಬಿಡ್ಲಿಲ್ಲ. ಅಪ್ಪಂಗೆ ಹೋಗಿದ್ದು ಯಾರೋ ಕಂಡಕ್ಟರ್ ರಕ್ತ. ನಿನ್ನದು ಒಂದು ಹನೀನೂ ಹೋಗಿಲ್ಲ."

ಅಣ್ಣ ಒಳಗೆ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದ. ಮೊದಲು ಅವನ ಮುಖ ಹಗುರಾಯಿತು. ಅದರ ಹಿಂದೆಯೇ ಸಿಟ್ಟು ಬಂತು.

"ಇಪ್ಪತ್ತೇಳು ವರ್ಷ! ಒಂದು ಮಾತು, ಒಂದೇ ಒಂದು ಮಾತು ಹೇಳೋಕೆ ಆಗ್ಲಿಲ್ವೇನೇ ನಿಂಗೆ?"

"ಹೇಳೋ ಹಾಗಿರ್ಲಿಲ್ಲ. ನಿಂಗೆ ಗೊತ್ತಿದೆ ಅಂದ್ಕೊಂಡೆ..." ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ನಿಯಮ ಸರಿಯಾಗಿಯೇ ಇತ್ತು. ಡಾಕ್ಟರಮ್ಮ ಉಳಿಸಬೇಕಾದವರನ್ನು ಉಳಿಸಿದರು. ಆದರೆ ಅವತ್ತು ಕಾರಿಡಾರಿಗೆ ಓಡಿಹೋಗಿ ನಿಯಮ ಮುರಿದವಳು ತಾನು. ಮುರಿದ ಮೇಲೆ ಅದರ ಹಿಂದೆ ಬಚ್ಚಿಟ್ಟುಕೊಂಡವಳೂ ತಾನೇ. ರಕ್ತ ಚೆಲ್ಲುವಾಗ ಇದ್ದ ಧೈರ್ಯ ಬಾಯಿ ಬಿಡುವುದಕ್ಕೆ ಇರಲಿಲ್ಲ. ಅಪ್ಪನ ಹಿಗ್ಗು ಒಡೆಯಬಾರದು, ಅಣ್ಣನ ಮಾನ ಹೋಗಬಾರದು, ತಾನು ಕೇಳಿದ ತಪ್ಪು ಹೊರಗೆ ಬರಬಾರದು ಎಂದು ಸುಮ್ಮನಿದ್ದು, ಅಣ್ಣನ ಅರ್ಧ ಆಯುಸ್ಸನ್ನು ಭಯಕ್ಕೆ ಕೊಟ್ಟುಬಿಟ್ಟಿದ್ದಳು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ತಪ್ಪಾಯ್ತು ಅಣ್ಣ," ಎಂದಳು.

ಅಣ್ಣ ತಲೆ ಅಲ್ಲಾಡಿಸಿದ. "ಕೊನೇ ದಿನ ಅಪ್ಪ ನನ್ನ ಕೈ ಹಿಡ್ಕೊಂಡು, ನಿನ್ನ ರಕ್ತದಿಂದ ಇಷ್ಟು ದಿನ ಬದುಕಿದೆ ಕಣೋ ಅಂದ್ರು. ತಡ್ಕೊಳ್ಳೋಕೆ ಆಗ್ಲಿಲ್ಲ. ಎದ್ದು ಹೋದೆ. ಒಳಗೆ ಬರೋಣ ಅಂತ ನಾಲ್ಕು ಸಲ ಬಾಗಿಲ ತನಕ ಬಂದೆ, ಯಾವ ಮುಖ ಇಟ್ಕೊಂಡು ಬರ್ಲಿ? ನಾನು ಒಳಗೆ ಬರ್ಬಹುದಿತ್ತು ಪುಟ್ಟಿ. ಬರ್ಬಹುದಿತ್ತು."

ಅವಳು ಅವನ ಪಕ್ಕ ನೆಲದ ಮೇಲೆಯೇ ಕೂತಳು. ಹೇಳದೆ ಉಳಿಸಿಕೊಂಡದ್ದು ಅವಳಲ್ಲಿ ಇನ್ನೂ ಒಂದಿತ್ತು. ಮುನಿಸಿನಲ್ಲಿ ಅದನ್ನೂ ನುಂಗಿಕೊಂಡಿದ್ದಳು.

"ನೀನು ಹೊರಗೆ ಹೋದ್ಮೇಲೆ ಅಪ್ಪ ನಿನ್ನ ಕೇಳಿದ್ರು," ಎಂದಳು. "ಔಷಧಿ ತರೋಕೆ ಹೋಗಿದ್ದಾನೆ ಅಂದೆ. ಆಮೇಲೆ ಒಂದು ಮಾತು ಹೇಳಿದ್ರು. ನಿನ್ನ ಮೇಲೆ ಕೋಪ ಇತ್ತಲ್ಲ, ಅದಕ್ಕೆ ನಿಂಗೆ ಹೇಳಿರ್ಲಿಲ್ಲ."

"ಏನಂದ್ರು?"

"'ರಕ್ತ ಕೊಟ್ಟ, ರಕ್ತ ಕೊಟ್ಟ ಅಂತ ಊರಿಗೆಲ್ಲ ಸಾರಿದೆ ಕಣೇ. ನಂಗೆ ಬಗ್ಗೋಕೆ ಆಗಲ್ಲ ಅಂತ ವಾರ ವಾರ ಬಂದು ನನ್ನ ಕಾಲುಗುರು ತೆಗೀತಿದ್ನಲ್ಲ, ಅದನ್ನ ಒಬ್ಬರ ಹತ್ರಾನೂ ಹೇಳ್ಲಿಲ್ಲ ನೋಡು' ಅಂದ್ರು."

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ದನಿ ತೆಗೆದು ಅತ್ತ. ಅಪ್ಪ ಹೋದ ದಿನವೂ ಅವನು ಹೀಗೆ ಅತ್ತಿರಲಿಲ್ಲ. ಹೊರಗಿನಿಂದ ಯಾರೋ, "ಯಾರ್ರೀ ಇದು, ವ್ಯಾನು ದಾರಿಗೆ ಅಡ್ಡ ಇಟ್ಟಿದ್ದೀರಾ?" ಎಂದು ಕೂಗಿದರು.

"ಇರ್ಲಿ ಬಿಡ್ರಪ್ಪ, ಸ್ವಲ್ಪ ಹೊತ್ತು," ಎಂದು ಸೂಜಿಯಕ್ಕ ಕೂತಲ್ಲಿಂದಲೇ ಕೂಗಿ ಹೇಳಿದಳು.